ಇಪ್ಪತ್ನಾಲ್ಕರ ಕೆಳಗಿನ ಸಾಲು

ಬಂದವರಿಂದೆಲ್ಲ ಗೋಡೆಯ ಮೇಲಿನ ಅಕ್ಷರದ ಹಲಗೆಯನ್ನು ಕೊನೆಯ ಸಾಲಿನವರೆಗೂ ಓದಿಸುವ ಕನ್ನಡಕದಂಗಡಿಯವನು, ತಾನು ಕಾರು ಕೊಳ್ಳುವಾಗ ಮಾತ್ರ ಮೊದಲ ಸಾಲಿಗೇ ಮರುಳಾಗಿದ್ದ. ಜಾಹೀರಾತಿನಲ್ಲಿ ‘ಲೀಟರಿಗೆ ಇಪ್ಪತ್ನಾಲ್ಕು ಕಿಲೋಮೀಟರ್’ ಎಂದು ಕುಂಬಳಕಾಯಿ ಗಾತ್ರದ ಅಕ್ಷರದಲ್ಲಿತ್ತು. ಕೆಳಗೆ ಸಾಸಿವೆಯಷ್ಟು ಸಣ್ಣದಾಗಿದ್ದ ‘ಪರೀಕ್ಷಾ ಸ್ಥಿತಿಯಲ್ಲಿ’ ಅವನ ಕಣ್ಣಿಗೆ ಬೀಳಲಿಲ್ಲ. ಮನೆಗೆ ಬಂದ ಕಾರು ಹದಿಮೂರು ದಾಟಲಿಲ್ಲ.

“ನಾನು ಹೇಳಿದ ಕಾರು ಬೇಡ ಅಂದ್ರಿ. ಮೈಲೇಜು ಮೈಲೇಜು ಅಂತ ಕುಣಿದ್ರಿ,” ಎಂದು ಹೆಂಡತಿ ದಿನಾ ಚುಚ್ಚುತ್ತಿದ್ದಳು.

ಷೋರೂಮಿಗೆ ಅಲೆದೂ ಅಲೆದೂ ಕೊನೆಗೆ ಮ್ಯಾನೇಜರನನ್ನು ಒಪ್ಪಿಸಿದ. ಭಾನುವಾರ ಮ್ಯಾನೇಜರನೇ ಬಂದು ಓಡಿಸಿ ನೋಡುವುದು; ಇಪ್ಪತ್ತು ದಾಟದಿದ್ದರೆ ಈ ಕಾರು ವಾಪಸ್, ಹೆಂಡತಿ ಕೇಳಿದ ಕಾರು ಮನೆಗೆ.

ಭಾನುವಾರ ಬೆಳಿಗ್ಗೆ ಅವನಿಗೆ ಹೊಸ ಭಯ ಹುಟ್ಟಿತು. ಇವತ್ತೇ ಈ ದರಿದ್ರದ್ದು ಚೆನ್ನಾಗಿ ಓಡಿಬಿಟ್ಟರೆ? ಅಂಗಡಿಯ ಹಳೆಯ ಕಬ್ಬಿಣದ ರ‍್ಯಾಕುಗಳನ್ನು ಡಿಕ್ಕಿಗೆ ತುಂಬಿದ. ಟೈರುಗಳ ಗಾಳಿಯನ್ನೂ ಕೊಂಚ ಬಿಟ್ಟ. ಆಮೇಲೆ ನೆಮ್ಮದಿಯಾಗಿ ಸ್ನಾನಕ್ಕೆ ಹೋದ.

ಈಚೆಗೆ ಬರುವಷ್ಟರಲ್ಲಿ ಮ್ಯಾನೇಜರ್ ಸ್ಟೇರಿಂಗ್ ಹಿಡಿದು ಕೂತಿದ್ದ. ಬಂಕಿನಲ್ಲಿ ಟ್ಯಾಂಕ್ ಕಂಠಮಟ್ಟ ತುಂಬಿಸಿ ಹೊರಟರು. ಎಸಿ ಹಾಕುವಂತಿಲ್ಲ, ಕಿಟಕಿ ತೆರೆಯುವಂತಿಲ್ಲ. ಮ್ಯಾನೇಜರ್ ತೊಟ್ಟಿಲು ತೂಗಿದಷ್ಟು ನಾಜೂಕಾಗಿ ಓಡಿಸಿದ. ಪೇಪರ್ ಹಾಕುವವನು ಸೈಕಲ್ಲಿನಲ್ಲಿ ಹಿಂದಿನಿಂದ ಬಂದು, “ಏನ್ ಸಾರ್, ಕೆಟ್ಟೋಯ್ತಾ? ತಳ್ಳಬೇಕಾ?” ಎಂದು ಕೇಳಿ ಮುಂದೆ ಹೋದ. ಕನ್ನಡಕದಂಗಡಿಯವನು ಬೆವರಿನಲ್ಲಿ ತೊಯ್ದರೂ, ಹಿಂದಿರುವ ಕಬ್ಬಿಣವನ್ನು ನೆನೆದು ಒಳಗೊಳಗೇ ನಗುತ್ತಿದ್ದ.

ಬಂಕಿಗೇ ವಾಪಸ್ ಬಂದು ಮತ್ತೆ ಟ್ಯಾಂಕ್ ತುಂಬಿಸಿ ಲೆಕ್ಕ ಹಾಕಿದರು. ಸರಿಯಾಗಿ ಇಪ್ಪತ್ನಾಲ್ಕು!

ಅವನು ಓಡಿಹೋಗಿ ಡಿಕ್ಕಿ ತೆರೆದ. ಸ್ಟೆಪ್ನಿಯೂ ಇರಲಿಲ್ಲ.

ಮನೆ ಮುಂದೆ, ಮಹಡಿಯಲ್ಲಿ ವಾಸವಿದ್ದ ನಿವೃತ್ತ ಡ್ರಿಲ್ ಮೇಷ್ಟ್ರು ರ‍್ಯಾಕುಗಳ ಪಕ್ಕ ಸ್ಟೆಪ್ನಿಯ ಮೇಲೆ ಕೂತು ಕಾಯುತ್ತಿದ್ದರು.

“ಎಷ್ಟು ಬಂತಯ್ಯಾ? ಡಿಕ್ಕಿ ತುಂಬ ಕಬ್ಬಿಣ ಹೊತ್ಕೊಂಡು ಓಡಾಡಿದ್ರೆ ಮೈಲೇಜು ಎಲ್ಲಿಂದ ಬರುತ್ತೆ? ನೀನು ಸ್ನಾನಕ್ಕೆ ಹೋದಾಗ ಎಲ್ಲಾ ಇಳಿಸ್ದೆ. ಟೈರಿಗೂ ಸೈಕಲ್ ಪಂಪಲ್ಲೇ ಗಾಳಿ ಹೊಡೆದೆ. ತೋಳು ಬಿದ್ದೋಯ್ತು ನೋಡು!”

ಮ್ಯಾನೇಜರ್ ಪಕ್ಕದಲ್ಲೇ ನಿಂತಿದ್ದ. ಕಬ್ಬಿಣ ತುಂಬಿದ್ದು ನಾನೇ ಬೇಕಂತಲೇ ಎಂದು ಯಾವ ಬಾಯಲ್ಲಿ ಹೇಳುವುದು? “ಸ್ವಲ್ಪ ನಗಿ ಸಾರ್,” ಎಂದ ಮ್ಯಾನೇಜರ್ ಅವನನ್ನು ಕಾರಿನ ಪಕ್ಕ ನಿಲ್ಲಿಸಿ ಫೋಟೋ ಹೊಡೆದುಕೊಂಡು ಹೋದ.

ಸಂಜೆ ಹೆಂಡತಿಯ ತಮ್ಮ ಫೋನ್ ಮಾಡಿದ. “ಭಾವ, ಷೋರೂಮಿನವರು ಆನ್‌ಲೈನ್ ಜಾಹೀರಾತಲ್ಲಿ ನಿಮ್ಮ ಫೋಟೋ ಹಾಕಿದಾರೆ! ಆ ಕಾರು ಬೇಡ ಅಂದ ಅಕ್ಕನ ಮಾತು ಕೇಳಿ ಸುಮ್ಮನಿದ್ದೆ. ನಿಮ್ಮ ನಗು ನೋಡಿ ಧೈರ್ಯ ಬಂತು. ಅದೇ ಕಾರು ಬುಕ್ ಮಾಡ್ಬಿಟ್ಟೆ!”

ಹೆಂಡತಿ ಫೋನ್ ಕಿತ್ತುಕೊಂಡು, ಗಂಡನೇ ಮಾಡಿಕೊಟ್ಟ ಕನ್ನಡಕ ಹಾಕಿಕೊಂಡು ಆ ಫೋಟೋ ನೋಡಿದಳು. ಗಂಡನ ಹಲ್ಲಿನ ಕೆಳಗೆ ಇಪ್ಪತ್ನಾಲ್ಕು. ಅದರ ಕೆಳಗೆ ಇನ್ನೇನೋ ಇತ್ತು.

“ಪರೀಕ್ಷಾ ಸ್ಥಿತಿಯಲ್ಲಿ,” ಎಂದು ಗಟ್ಟಿಯಾಗಿ ಓದಿದಳು. “ನನ್ನ ಕನ್ನಡಕ ಚೆನ್ನಾಗೇ ಮಾಡಿದೀರಿ. ನಾಳೆ ನಿಮಗೂ ಒಂದು ಮಾಡ್ಕೊಳ್ಳಿ, ನನ್ನ ತಮ್ಮಂಗೂ ಒಂದು.”