ಸಗೋತ್ರದ ತಗಡು

ಶಿವಯೋಗಪ್ಪ ಹೊಂಬಳರು ಯಂತ್ರದ ಮೇಲೆ ಹೊದಿಸಿದ್ದ ಹಳೆಯ ಇಳಕಲ್ ಸೀರೆಯನ್ನು ಸರ್ರನೆ ಎಳೆದು, "ನೋಡ್ರಿ ಮಾಸ್ತರ, ಇನ್ನ ನಿಮ್ಮ ಸಂಶಯಾ ಎಲ್ಲಾ ಮುಗದ್ವು" ಎಂದಾಗ ಶ್ರೀಪತಿರಾವ್ ಜಾಲಿಹಾಳ ಮಾಸ್ತರರ ಎದೆ ಧಸಕ್ಕೆಂದಿತು. ಬಾಯಿ ಮಾತ್ರ "ವ್ಹಾ, ವ್ಹಾ" ಎಂದಿತು.

ಸಂಶಯ ಮುಗಿಯಬಾರದು ಎಂಬುದೇ ಮಾಸ್ತರರ ಬದುಕಿನ ಸದ್ಯದ ಗುರಿಯಾಗಿತ್ತು. ಅದಕ್ಕೆ ಕಾರಣ ಅವರದೇ ನಾಲಿಗೆ.

ಹುಬ್ಬಳ್ಳಿಯ ಗೋಕುಲ ರಸ್ತೆಯ ಆಚೆಗಿನ ಒಂದು ಗಲ್ಲಿಯಲ್ಲಿ ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ನಿವೃತ್ತರಾದ ಹೊಂಬಳರು ಸುಮ್ಮನೆ ಕೂರುವ ಆಸಾಮಿಯಲ್ಲ. ಹಿತ್ತಲಿನ ಶೆಡ್ಡಿನಲ್ಲಿ ಸ್ವಂತ ಕೈಯಿಂದ ಎರಡು ಸೀಟಿನ ವಿಮಾನ ಕಟ್ಟತೊಡಗಿದರು. ರೆಕ್ಕೆ ಜೋಡಿಸಿದ ದಿನ ಗಲ್ಲಿಗೆಲ್ಲ ಬದಾಮಿ ಹಾಲು ಹಂಚಿದರು. ಹಾಲು ಕುಡಿದ ಹುರುಪಿನಲ್ಲಿ ಮಾಸ್ತರರು ಎದ್ದು ನಿಂತು, ಈ ವಿಮಾನಕ್ಕೆ ಕಡೆಯ ಬಾಗಿಲು ಕೂತ ದಿನ ಹಿಂದಿನ ಸೀಟಿನಲ್ಲಿ ಕೂರುವ ಮೊದಲ ಮನುಷ್ಯ ತಾನೇ ಎಂದು ಸಾರಿಬಿಟ್ಟರು. ಚಪ್ಪಾಳೆಯೂ ಬಿತ್ತು. ಮನೆಗೆ ಬಂದ ಮೇಲೆ ಅವರಿಗೆ ನೆನಪಾಯಿತು, ತಾವು ಅಟ್ಟದ ಮೇಲಿನ ಹಪ್ಪಳದ ಡಬ್ಬಿ ಇಳಿಸಲಿಕ್ಕೂ ಏಣಿ ಹತ್ತುವವರಲ್ಲ ಎಂಬುದು. ಆದರೆ ಕೊಟ್ಟ ಮಾತಿಗೆ ತಪ್ಪಬಾರದು ಎಂದು ಅರ್ಧ ಹುಬ್ಬಳ್ಳಿಗೆ ಪಾಠ ಹೇಳಿದ ಮಾಸ್ತರರು ಈಗ ಯಾವ ಮುಖದಿಂದ ಹಿಂದೆ ಸರಿಯಬೇಕು?

ಉಳಿದದ್ದು ಒಂದೇ ದಾರಿ. ಕಡೆಯ ಬಾಗಿಲು ಕೂರಬಾರದು.

ಬಾಗಿಲು ಎಂದರೆ ಜನ ಹತ್ತಿಳಿಯುವ ಬಾಗಿಲಲ್ಲ. ವಿಮಾನದ ಮೂತಿಯಲ್ಲಿ ಎಂಜಿನ್ನನ್ನು ಎರಡೂ ಮಗ್ಗುಲಿಗೆ ಮುಚ್ಚುವ, ಎಣ್ಣೆ ನೋಡಲು ತೆರೆಯುವ ಎರಡು ಪುಟ್ಟ ಕದಗಳು. ಅವನ್ನು ಯಾವ ತಗಡಿನಲ್ಲಿ ಮಾಡಬೇಕು ಎಂಬಲ್ಲಿಗೆ ಕೆಲಸ ಬಂದು ನಿಂತಿತ್ತು. ಹೊಂಬಳರು ಮೆತ್ತನೆಯ ಅಲ್ಯೂಮಿನಿಯಂ ತಂದರೆ, ಕಾಗೆ ಕೂತರೂ ತಗ್ಗು ಬೀಳುತ್ತದೆ ಎಂದರು ಮಾಸ್ತರರು. ಗಟ್ಟಿ ಅಲ್ಯೂಮಿನಿಯಂ ತಂದರೆ ಮಡಿಚಿದ ಮೂಲೆಯಲ್ಲೇ ಸೀಳು ಬಿಡುತ್ತದೆ ಎಂದರು. ದಪ್ಪ ಉಕ್ಕಾದರೆ ಮೂತಿ ಭಾರವಾಗಿ ವಿಮಾನ ನೆಲ ಮೂಸುತ್ತದೆ. ತೆಳ್ಳಗಿನ ಉಕ್ಕಾದರೆ ಎಂಜಿನ್ ನಡುಗಿದಾಗ ಎಣ್ಣೆ ಡಬ್ಬಿಯ ತಳದಂತೆ ಟಕಟಕ ಬಡಿಯುತ್ತದೆ. ತಮಾಷೆಯೆಂದರೆ ಹೇಳಿದ್ದೆಲ್ಲ ನಿಜವೇ. ಮಾಸ್ತರರು ಇದಕ್ಕಾಗಿಯೇ ವಾಚನಾಲಯಕ್ಕೆ ಹೋಗಿ ಓದಿಕೊಂಡು ಬರುತ್ತಿದ್ದರು. ಹೆದರಿಕೆಯಿಂದ ಕಲಿತ ವಿದ್ಯೆ ತಲೆಯಲ್ಲಿ ಚೆನ್ನಾಗಿ ನಿಲ್ಲುತ್ತದೆ.

ಇದರಲ್ಲಿ ಇನ್ನೊಂದು ಸಣ್ಣ ಲಾಭವೂ ಇತ್ತು. ಡಾಕ್ಟರರು ಕರಿದ ತಿಂಡಿ ಬಿಡಿಸಿದ ಮೇಲೆ ಹೆಂಡತಿ ಸಿಂಧೂತಾಯಿಯವರು ಕಾವಲಿಗೆ ನಿಂತಿದ್ದರು. ಹೊಂಬಳರ ತಗಡಿನ ವಿಚಾರಣೆಗೆ ಎಂದು ಹೇಳಿ ಮಾಸ್ತರರು ಸಂಜೆ ಹಳೆಯ ಸ್ಕೂಟರ್ ಹತ್ತಿದರೆ, ಅದು ತಾನಾಗಿಯೇ ಮೂಲೆಯ ರಾಜೇಸಾಬನ ಮಿರ್ಚಿ ಭಜಿ ಗಾಡಿಯ ಮುಂದೆ ನಿಲ್ಲುವಷ್ಟು ಪಳಗಿತ್ತು.

ಹೀಗೆ ಎಲ್ಲವೂ ಸುಸೂತ್ರವಾಗಿ ಕೆಟ್ಟು ನಿಂತಿರುವಾಗ ಈ ಯಂತ್ರ ಬಂತು.

ಹೊಲಿಗೆ ಮಷಿನ್ನಿನ ಕಾಲುಮಣೆ, ಮೇಲೊಂದು ಹಿತ್ತಾಳೆಯ ಸುತ್ತಿಗೆ, ಕಚ್ಚಿ ಹಿಡಿಯುವ ಎರಡು ಚಿಮಟ, ತಾಮ್ರದ ತಂತಿಯ ದೊಡ್ಡ ಸುರುಳಿ, ನಟ್ಟನಡುವೆ ಒಂದು ಹಳೆಯ ಕಂಪ್ಯೂಟರ್. ಪ್ರತಿಯೊಂದು ಲೋಹಕ್ಕೂ ಅದರದೇ ನಡುಕ ಇರುತ್ತದೆ ಎಂದು ಹೊಂಬಳರು ವಿವರಿಸಿದರು. ಒಂದು ಚಿಮಟವನ್ನು ಎಂಜಿನ್ನಿಗೆ, ಇನ್ನೊಂದನ್ನು ತಗಡಿಗೆ ಕಚ್ಚಿಸಿದರೆ ಯಂತ್ರ ಎರಡನ್ನೂ ಬಡಿದು, ಆಲಿಸಿ, ಹೊಂದಾಣಿಕೆ ಉಂಟೋ ಇಲ್ಲವೋ ಹೇಳುತ್ತದೆ. ಹೊಂದಿದರೆ ಸುರುಳಿಯಿಂದ ಒಂದು ಅಲೆ ಹರಿದು ಎರಡರ ನಡುಕವನ್ನೂ ಒಂದು ಮಾಡುತ್ತದೆ. ಆಮೇಲೆ ಬಡಿತವಿಲ್ಲ, ಸೀಳಿಲ್ಲ.

"ಎರಡು ಒಡಲು, ಒಂದ ಸ್ವಭಾವ ಮಾಸ್ತರ. ನೀವು ಹಿಂದಿನ ಸೀಟಿಗೆ ಒಂದು ದಿಂಬು ಹೊಲಿಸಿ ಇಡ್ರಿ" ಎಂದು ನಗುತ್ತಾ ಅವರು ಅಲ್ಯೂಮಿನಿಯಂ ಹಾಳೆಗೆ ಚಿಮಟ ಕಚ್ಚಿಸಿ ಗುಂಡಿ ಒತ್ತಿದರು.

ಸುತ್ತಿಗೆ ಟಣ್ ಎಂದಿತು. ಕಂಪ್ಯೂಟರ್ ಗಂಟಲು ಸರಿಪಡಿಸಿಕೊಂಡಂತೆ ಕರಕರ ಮಾಡಿ, ಬಹಳ ಮರ್ಯಾದಸ್ತ ಹೆಣ್ಣುದನಿಯಲ್ಲಿ ನುಡಿಯಿತು:

"ವರ ಅಲ್ಯೂಮಿನಿಯಂ. ಕನ್ಯೆಯೂ ಅಲ್ಯೂಮಿನಿಯಂ. ಸಗೋತ್ರ. ಈ ಸಂಬಂಧ ಕೂಡುವುದಿಲ್ಲ. ದಯವಿಟ್ಟು ಮುಂದಿನ ಕನ್ಯೆಯನ್ನು ತೋರಿಸಿ."

 ಮಾಸ್ತರರು ಮೆಲ್ಲಗೆ, ಆ ಕಂಪ್ಯೂಟರ್ ಎಲ್ಲಿಂದ ತಂದದ್ದು ಎಂದು ಕೇಳಿದರು. ಹೊಂಬಳರು ತಲೆ ಕೆರೆದುಕೊಂಡು, ಹೊಂದಾಣಿಕೆ ನೋಡುವ ಕಂಪ್ಯೂಟರ್ ಎಂದು ಗುಜರಿಯವನು ಹೇಳಿದ, ಅದಕ್ಕೇ ತಂದೆ, ಯಾವುದೋ ಬಾಗಿಲು ಹಾಕಿದ ವಧುವರ ಕೇಂದ್ರದ್ದಂತೆ ಎಂದರು. ಮಾಸ್ತರರಿಗೆ ಆ ಗುಜರಿಯವನನ್ನು ಹುಡುಕಿ ಶಾಲು ಹೊದಿಸಬೇಕೆನಿಸಿತು.

ಹೊಂಬಳರು ಬಿಡುವವರಲ್ಲ. ಗಡಸು ಉಕ್ಕಿನ ತಗಡು ಕಚ್ಚಿಸಿದರು. "ಕನ್ಯೆ ವರನಿಗಿಂತ ಗಟ್ಟಿ. ಸಂಸಾರದಲ್ಲಿ ವರನೇ ಬಾಗಬೇಕಾದೀತು" ಎಂದಿತು ಯಂತ್ರ. ಸತುವು ಬಳಿದ ತಗಡಿಗೆ, ಮೇಲೊಂದು ಬಣ್ಣ ಒಳಗೊಂದು ಬಣ್ಣ, ಮುಚ್ಚಿಟ್ಟು ಮಾಡಿದ ಸಂಬಂಧ ಬಾಳುವುದಿಲ್ಲ ಎಂದಿತು. ತಾಮ್ರಕ್ಕಂತೂ ಬೆಚ್ಚಿಬಿದ್ದು, ದೊಡ್ಡ ಮನೆತನ, ನಾಲ್ಕು ಮಳೆ ಬೀಳುವುದರೊಳಗೆ ವರನನ್ನು ತಿಂದುಹಾಕುತ್ತದೆ ಎಂದು ಎಚ್ಚರಿಸಿತು. ಲೋಹಶಾಸ್ತ್ರದ ಪ್ರಕಾರ ಇದೂ ನಿಜವೇ! ಅಲ್ಯೂಮಿನಿಯಮ್ಮಿಗೆ ತಾಮ್ರ ತಾಗಿಸಿ ನೀರು ಹನಿಸಿದರೆ ಅಲ್ಯೂಮಿನಿಯಂ ಸವೆದುಹೋಗುತ್ತದೆ. ಮಾಸ್ತರರು ಜ್ಞಾನಿಯಂತೆ ತಲೆಯಾಡಿಸಿದರು. ಅವರಿಗೆ ಯಂತ್ರದ ಮೇಲೆ ಅಕ್ಕರೆಯೇ ಹುಟ್ಟಿತ್ತು.

ತೋರಿಸಲು ತಗಡು ಮುಗಿದಾಗ ಯಂತ್ರ ತಾನೇ ಕೆಲಸಕ್ಕೆ ಇಳಿಯಿತು. ಹೊಂಬಳರು ಅದಕ್ಕೆ ಜೋಡಿಸಿ ಶೆಡ್ಡಿನ ಮೇಲೆ ಕಟ್ಟಿದ್ದ ಧ್ವನಿವರ್ಧಕದಿಂದ ಗಲ್ಲಿಗೆಲ್ಲ ಕೇಳುವಂತೆ, "ಸ್ವಂತ ಸಂಪಾದನೆಯ, ನಾಲ್ಕು ಸಿಲಿಂಡರಿನ, ಬೀಡಿ ಸಿಗರೇಟಿಲ್ಲದ ಆದರೆ ಸ್ವಲ್ಪ ಹೊಗೆ ಬಿಡುವ ವರನಿಗೆ ಹೊಂದಿಕೊಂಡು ಹೋಗುವ ಕನ್ಯೆ ಬೇಕಾಗಿದೆ" ಎಂದು ಕೂಗತೊಡಗಿತು. ಹೊಂಬಳರು ಗುಂಡಿ ಒತ್ತಿದರು, ವೈರು ಎಳೆದರು. ಸುರುಳಿಯಲ್ಲಿ ತುಂಬಿಕೊಂಡ ವಿದ್ಯುತ್ತಿನ ಮೇಲೆ ಅದು ಕೂಗುತ್ತಲೇ ಇತ್ತು.

ಹುಬ್ಬಳ್ಳಿಯ ಜನಕ್ಕೆ ಕರೆದರೆ ಸಾಕು. ಒಬ್ಬರು ಟ್ರಂಕಿನ ಮುಚ್ಚಳ ತಂದರು, ಒಬ್ಬರು ಕೂಲರಿನ ಬೆನ್ನು, ಒಬ್ಬರು 'ಇಲ್ಲಿ ಕಸ ಹಾಕಬಾರದು' ಎಂದು ಬರೆದ ಫಲಕವನ್ನೇ ಕಿತ್ತು ತಂದರು. ಅಂಗಳದಲ್ಲಿ ಸಾಲು ನಿಂತಿತು. ಫಲಕವನ್ನು ಯಂತ್ರ ಓದು ಬರಹ ಬಲ್ಲ ಕನ್ಯೆಯೆಂದು ಸ್ವಲ್ಪ ಹೊತ್ತು ಪರಿಗಣಿಸಿ, ಸ್ವಭಾವ ಸಿಡುಕು ಎಂದು ಕೈಬಿಟ್ಟಿತು. ಮಾಸ್ತರರು ಕುರ್ಚಿ ಹಾಕಿಸಿಕೊಂಡು ಕೂತು ನೋಡಿದರು. ಇಷ್ಟು ಸುಖವಾದ ಸಂಜೆಯನ್ನು ಅವರು ಬಹಳ ದಿನಗಳಿಂದ ಕಂಡಿರಲಿಲ್ಲ.

ಅಷ್ಟರಲ್ಲಿ ಯಂತ್ರ ತಟ್ಟನೆ ಸುಮ್ಮನಾಯಿತು. ತಾಮ್ರದ ಸುರುಳಿ ತಾನಾಗಿ ಗೇಟಿನ ಕಡೆಗೆ ತಿರುಗಿತು.

"ಹೊರಗೆ ನಿಂತವರು ಯಾರು?"

ಹೊರಗೆ ನಿಂತದ್ದು ಮಾಸ್ತರರ ಸ್ಕೂಟರ್. ಅದರ ಎರಡೂ ಮಗ್ಗುಲಿಗೆ ಉಬ್ಬಿದ ಉಕ್ಕಿನ ಮುಚ್ಚಳಗಳು. ಮಾಸ್ತರರು ಏಳುವುದರೊಳಗೆ ಹೊಂಬಳರು ಚಿಮಟ ಕಚ್ಚಿಸಿಯಾಗಿತ್ತು. ಸುತ್ತಿಗೆ ಬಡಿಯಿತು. ಯಂತ್ರದ ದನಿ ಗದ್ಗದವಾಯಿತು.

"ಮೆತ್ತನೆಯ ಉಕ್ಕು. ಎಂಜಿನ್ನಿನ ಮಗ್ಗುಲಲ್ಲಿ ಬಾಳಿದ ಅನುಭವ. ಮೈತುಂಬ ನೆಗ್ಗಿದ್ದಾಳೆ, ಎಲ್ಲೂ ಮುರಿದಿಲ್ಲ. ಮೂವತ್ತಾರಕ್ಕೆ ಮೂವತ್ತಾರು ಗುಣ!"

ಮಾಸ್ತರರು ತಮಗೆ ಗೊತ್ತಿದ್ದ ವಿಜ್ಞಾನವನ್ನೆಲ್ಲ ಒಮ್ಮೆಗೇ ಹೊರಹಾಕಿದರು. ಭಾರ, ತುಕ್ಕು, ಬಡಿತ, ಯಾವುದಕ್ಕೂ ಬೆಲೆ ಸಿಗಲಿಲ್ಲ. ಕಡೆಗೆ, ತಮ್ಮ ಸ್ಕೂಟರನ್ನು ತಾವು ಕೊಡುವುದಿಲ್ಲ ಎಂದರು. ಗುಂಪಿನಿಂದ ಸಿಂಧೂತಾಯಿಯವರು ಮುಂದೆ ಬಂದರು.

"ನಿಮ್ಮದೆಲ್ಲಿದು? ಸ್ಕೂಟರ್ ನಮ್ಮಪ್ಪ ಕೊಟ್ಟದ್ದು. ಹೊಂಬಳರ, ನನ್ನ ಒಪ್ಪಿಗಿ ಅದ, ಬಿಚ್ಚಿಕೋರಿ. ಇವರು ದಿನಾ ಸಂಜಿಗೆ ತಗಡು ತಗಡು ಅಂತ ಊರು ಸುತ್ತೋದಾದ್ರೂ ನಿಲ್ಲಲಿ."

ಮುಚ್ಚಳಗಳು ವಿಮಾನದ ಮೂತಿಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತವು. ಸುರುಳಿಯಿಂದ ಅಲೆ ಹರಿದು ಎಂಜಿನ್ನೂ ಬಾಗಿಲೂ ಒಂದೇ ಶ್ರುತಿಯಲ್ಲಿ ಗುಂಯ್‌ಗುಟ್ಟಿದವು. ಯಾರೋ ಅಕ್ಕಿಕಾಳನ್ನೂ ಎರಚಿದರು. "ಶುಭವಾಗಲಿ. ಮದುವೆಯ ಮೇಲೆ ವಧುವನ್ನು ಒಮ್ಮೆ ತವರಿಗೆ ಕಳಿಸಿಕೊಡುವುದನ್ನು ಮರೆಯಬೇಡಿ" ಎಂದು ಹೇಳಿ ಯಂತ್ರ ಆರಿತು. ಎಲ್ಲರೂ ನಕ್ಕರು. ಮಾಸ್ತರರು ಮಾತ್ರ ನಗಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಊರ ಹೊರಗಿನ ಹೊಸ ಲೇಔಟಿನಲ್ಲಿ ಜನ ಸೇರಿದರು. ಸೈಟುಗಳು ಮಾರಾಟವಾಗಿರಲಿಲ್ಲ. ಆದರೆ ಅಗಲವಾದ ಡಾಂಬರು ರಸ್ತೆ ಮಾತ್ರ ಮಲಗಿಕೊಂಡಿತ್ತು. ಇವತ್ತು ಬರೀ ಪರೀಕ್ಷೆ, ಚಕ್ರ ಒಂದು ಗೇಣು ನೆಲ ಬಿಟ್ಟರೆ ಸಾಕು ಎಂದು ಹೊಂಬಳರು ಸಮಾಧಾನ ಹೇಳಿದರು. ಮಾಸ್ತರರಿಗೆ ಆ ಗೇಣೂ ಗುಡ್ಡದಷ್ಟಾಗಿ ಕಂಡಿತು. ಮನೆದೇವರನ್ನು ನೆನೆದು, ದಿಂಬಿನ ಮೇಲೆ ಕೂತು, ಬೆಲ್ಟು ಬಿಗಿದುಕೊಂಡು ಕಣ್ಣು ಮುಚ್ಚಿದರು.

ಎಂಜಿನ್ ಶುರುವಾಗಲಿಲ್ಲ.

ಹೊಂಬಳರು ಇಳಿದು ಮೂತಿಯ ಪಂಖ ತಿರುಗಿಸಿದರು, ಪ್ಲಗ್ಗು ಒರೆಸಿದರು, ಪೆಟ್ರೋಲ್ ನಳಿಗೆಯನ್ನು ಊದಿದರು. ಎಂಜಿನ್ ಕೆಮ್ಮಿ ಸುಮ್ಮನಾಗುತ್ತಿತ್ತು. ಮಾಸ್ತರರು ಒಂದು ಕಣ್ಣು ತೆರೆದರು. ಆ ಕೆಮ್ಮು ಅವರಿಗೆ ಗೊತ್ತು. ದಿನಾ ಬೆಳಿಗ್ಗೆ ಮನೆಯ ಮುಂದೆ ತಮ್ಮ ಸ್ಕೂಟರ್ ಕೆಮ್ಮುತ್ತಿದ್ದ ಕೆಮ್ಮು ಅದು. ಅದಕ್ಕೆ ಏನು ಮಾಡಬೇಕೆಂಬುದೂ ಗೊತ್ತು. ಬಾಯಿ ಮುಚ್ಚಿಕೊಂಡಿದ್ದರೆ ಇವತ್ತಿಗೆ, ಬಹುಶಃ ಯಾವತ್ತಿಗೂ, ಪಾರು. ಅವರು ಬಾಯಿ ಮುಚ್ಚಿಕೊಂಡರು.

ಜನ ಒಬ್ಬೊಬ್ಬರಾಗಿ ಚದುರತೊಡಗಿದರು.  ಹೊಂಬಳರು ಹೆಗಲ ಮೇಲಿನ ವಸ್ತ್ರ ತೆಗೆದು, ತಮ್ಮ ಕೈಯಾರೆ ಕೆತ್ತಿದ ಪಂಖವನ್ನು ತುದಿಯಿಂದ ತುದಿಗೆ ಒರೆಸುತ್ತಾ ನಿಂತರು. ಒರೆಸಿದ್ದನ್ನೇ ಒರೆಸಿದರು. ಮಾಸ್ತರರಿಗೆ ನೋಡಲಾಗಲಿಲ್ಲ. ಇಷ್ಟು ದಿನ ತಾನು ಹೇಳಿದ ಒಂದೊಂದು ಸಂಶಯವನ್ನೂ ಈ ಮನುಷ್ಯ ಗುರುವಾಕ್ಯದಂತೆ ನಂಬಿ, ತಗಡು ಹೊತ್ತುಕೊಂಡು ಹೋಗಿ ಬದಲಿಸಿಕೊಂಡು ಬಂದಿದ್ದ.  ತಮ್ಮ ಜೀವದ ಮೇಲಿನ ಆಸೆಯನ್ನು ಪಕ್ಕಕ್ಕಿಟ್ಟು ಅವರು ಹಿಂದಿನ ಸೀಟಿನಿಂದ ಕತ್ತು ಹೊರಚಾಚಿದರು.

"ಹೊಂಬಳರ, ಒಂದು ಮಗ್ಗಲಿಗೆ ವಾಲಿಸ್ರಿ. ಪೆಟ್ರೋಲ್ ಇಳೀತದ. ಆಮ್ಯಾಲೆ ತಿರುವ್ರಿ."

ಹತ್ತಾರು ಜನ ಒಂದು ರೆಕ್ಕೆಯನ್ನು ಎತ್ತಿ ಹಿಡಿದರು. ಇಡೀ ವಿಮಾನ ಮಾಸ್ತರರ ಸಮೇತ ಮಗ್ಗುಲಿಗೆ ವಾಲಿತು. ಹೊಂಬಳರು ಪಂಖ ತಿರುವಿದರು. ಫಟ್ ಫಟ್ ಫಟ್ ಎಂದು ಎಂಜಿನ್ ಶುರುವಾಯಿತು! ಹೊಂಬಳರು ಹಾರಿ ಕೂತರು. ವಿಮಾನ ಓಡಿತು, ಬಾಲ ಎತ್ತಿತು, ಬಾಗಿಲುಗಳು ಒಂದಿಷ್ಟೂ ಬಡಿಯಲಿಲ್ಲ. ಚಕ್ರ ನೆಲ ಬಿಟ್ಟಿತು. ಒಂದು ಗೇಣಲ್ಲ, ಮೂರು ಗೇಣು. ಮಾಸ್ತರರು ಕೂಗಿಕೊಂಡದ್ದು ಹೆದರಿಕೆಯಿಂದಲೋ ಆನಂದದಿಂದಲೋ ಅವರಿಗೇ ತಿಳಿಯಲಿಲ್ಲ.

ಆಮೇಲೆ ಅದು ಹೊಂಬಳರ ಮಾತು ಕೇಳುವುದನ್ನು ಬಿಟ್ಟಿತು. ಇಳಿಯಿತು. ಲೇಔಟಿನ ಕಮಾನಿನ ಹತ್ತಿರ ಮರ್ಯಾದೆಯಿಂದ ನಿಧಾನಿಸಿ, ಎಡಕ್ಕೆ ಹೊರಳಿ, ಭಾನುವಾರದ ಖಾಲಿ ರಸ್ತೆಗೆ ಬಿತ್ತು. ಹೊಂಬಳರು ಎಳೆಯುವುದನ್ನೆಲ್ಲ ಎಳೆದರು, ತುಳಿಯುವುದನ್ನೆಲ್ಲ ತುಳಿದರು. ಎರಡು ಹಸುಗಳಿಗೆ ದಾರಿ ಕೊಟ್ಟು, ತಗ್ಗು ಇದ್ದಲ್ಲಿ ತಾನೇ ತಪ್ಪಿಸಿ, ವಿಮಾನ ತನ್ನ ಪಾಡಿಗೆ ನಡೆಯಿತು. ಹಿಂದಿನ ಸೀಟಿನಲ್ಲಿ ಮಾಸ್ತರರಿಗೆ ದಾರಿ ಬರಬರುತ್ತಾ ಗುರುತು ಹತ್ತಿತು. ಹಾರುವಾಗ ಬಾರದ ಬೆವರು ಈಗ ಬಂತು.

ಮೂಲೆಯ ಗಾಡಿಯ ಮುಂದೆ ಬಂದು ವಿಮಾನ ನಿಂತಿತು. ಎಂಜಿನ್ ತಾನಾಗಿ ಆರಿತು.

ರಾಜೇಸಾಬ್ ಬಾಣಲೆಯಿಂದ ತಲೆಯೆತ್ತಿದ. ಮೂತಿಯ ಮೇಲಿನ ನೆಗ್ಗಿದ ಮುಚ್ಚಳ ನೋಡಿದ, ಹಿಂದಿನ ಸೀಟು ನೋಡಿದ. ಅವನಿಗೆ ವಿಶೇಷವೇನೂ ಅನಿಸಿದಂತಿರಲಿಲ್ಲ.

"ಬರ್ರಿ ಮಾಸ್ತರ. ಸಂಜಿಗೆ ಬರವರು ಇವತ್ತ ಮುಂಜಾನೆನ ಬಂದ್ರಿ. ದಿನದಂಗ ಎರಡು ಪ್ಲೇಟ ಮಿರ್ಚಿ, ಮ್ಯಾಲೆ ಚುರಮುರಿ?"

ಅಷ್ಟರಲ್ಲಿ ಬೆನ್ನಟ್ಟಿ ಬಂದ ಆಟೋ ನಿಂತು, ಅದರಿಂದ ಸಿಂಧೂತಾಯಿಯವರು ಇಳಿದರು. ಮಾಸ್ತರರು ಬೆಲ್ಟು ಬಿಚ್ಚಲು ಹೋದರು, ಅದು ಬಿಚ್ಚಲಿಲ್ಲ. ಹೊಂಬಳರು ಆಗಲೇ ಒಂದು ಮಿರ್ಚಿ ಕಚ್ಚಿ, ಮೂರು ಗೇಣು ಹಾರಿದೆವು ಎಂದು ರಾಜೇಸಾಬನಿಗೆ ಕೈಯಲ್ಲಿ ಅಳೆದು ತೋರಿಸುತ್ತಿದ್ದರು. ಸಿಂಧೂತಾಯಿಯವರು ಗಾಡಿಯನ್ನು ನೋಡಿದರು, ಬಾಣಲೆಯನ್ನು ನೋಡಿದರು, ವಿಮಾನದ ಬಾಗಿಲಿನ ಮೇಲೆ ಬೆರಳಾಡಿಸಿ, ಬೆರಳಿಗೆ ಹತ್ತಿದ ಹಳೆಯ ಭಜಿ ಎಣ್ಣೆಯ ಜಿಡ್ಡನ್ನು ಮೂಸಿದರು.

"ಮದಿವ್ಯಾದ ಹುಡಿಗಿ ಮೊದಲ ತವರಿಗೇ ಬರ್ತಾಳ, ಅದರಾಗ ತಪ್ಪೇನಿಲ್ಲ ಬಿಡ್ರಿ" ಎಂದರು. "ನಮ್ಮ ಸ್ಕೂಟರಿನ ತವರು ನಮ್ಮ ಮನಿ ಅಂತ ನಾ ತಿಳಕೊಂಡಿದ್ದೆ, ಅಷ್ಟ."