ಗದಿಗೆಪ್ಪನ ಮನೆ ನಡೆದಾಡಿದ ದಿನ

ಡಾಂಬರಿನ ಡಬ್ಬಿಯಲ್ಲಿ ಅದ್ದಿದ ಒಂದು ಕುಂಚ ಗದಿಗೆಪ್ಪನ ಮನೆಯ ಬಾಗಿಲ ಮೇಲೆ ‘ಹದಿನೇಳು’ ಎಂದು ಬರೆಯಿತು. ಆ ದಿನದ ಅನಾಹುತವೆಲ್ಲ ಅಲ್ಲಿಂದಲೇ ಹುಟ್ಟಿದ್ದು.

ಆಂಟಾಪ್ ಹಿಲ್‌ನ ಇಳಿಜಾರಿನಲ್ಲಿದ್ದ ಹದಿನಾರು ಝೋಪಡಿಗಳಿಗೂ ಅಂದು ಬೆಳಿಗ್ಗೆ ನಂಬರು ಬಿದ್ದಿತ್ತು. ಆದರೆ ಸಾಲಿನ ಕೊನೆಯಲ್ಲಿದ್ದ ಗದಿಗೆಪ್ಪನದು ಝೋಪಡಿಯಲ್ಲ, ಮನೆಗಾಡಿ. ಮುಂದೆ ಸ್ಟೇರಿಂಗು, ನಡುವೆ ಎರಡು ಮಂಚ, ಹಿಂದೆ ಅಡಿಗೆಯ ಕಟ್ಟೆ, ಅಡಿಯಲ್ಲಿ ನಾಲ್ಕು ಗಾಲಿ. ಬಿಳಿ ಸಾಹೇಬನೊಬ್ಬ ಶಿಕಾರಿಗೆಂದು ವಿಲಾಯತಿಯಿಂದ ತರಿಸಿದ್ದು. ಅಜ್ಜಿಕತೆಯ ಅಣ್ಣತಮ್ಮಂದಿರು ಹಸುವಿನ ಮುಂಭಾಗ ಒಬ್ಬನಿಗೆ, ಹಿಂಭಾಗ ಒಬ್ಬನಿಗೆ ಎಂದು ಹಂಚಿಕೊಂಡರಲ್ಲ, ದೇಶ ಬಿಡುವಾಗ ಸಾಹೇಬನೂ ಹಾಗೆಯೇ ಮಾಡಿದ. ಗಾಡಿಯನ್ನು ಡ್ರೈವರ್ ಗದಿಗೆಪ್ಪನಿಗೆ ಕೊಟ್ಟ. ಅದರ ಜೊತೆಗೆ ಬಂದು ಪೆಟ್ಟಿಗೆಯಿಂದ ಹೊರಗೇ ಬಾರದಿದ್ದ ಹೆಚ್ಚುವರಿ ಗೇರ್ ಬಾಕ್ಸನ್ನು ಅಡಿಗೆಯ ಚೆನ್ನಯನಿಗೆ ಕೊಟ್ಟ. ಕೊಟ್ಟವನು ಹಡಗು ಹತ್ತಿದ.

ಗದಿಗೆಪ್ಪ ಗಾಡಿ ಹೊರಡಿಸಿದ ಮೊದಲ ದಿನವೇ, ಆಂಟಾಪ್ ಹಿಲ್‌ನ ಏರಿನಲ್ಲಿ, ಹಳೆಯ ಗೇರ್ ಬಾಕ್ಸು ಮುದುಕನಂತೆ ಹಲ್ಲುಗಳನ್ನೆಲ್ಲ ಉದುರಿಸಿಕೊಂಡಿತು. ಗಾಡಿ ನಿಂತ ಜಾಗವೇ ವಿಳಾಸವಾಯಿತು. ಅದಕ್ಕೂ ಈಗ ಒಂಬತ್ತು ವರ್ಷ. ಅಮಾವಾಸ್ಯೆಗೊಮ್ಮೆ ಎಂಜಿನ್ನಿಗೆ ಕಾಯಿ ಒಡೆದು ಒಂದು ಸಲ ಗುರುಗುಟ್ಟಿಸುತ್ತಿದ್ದ, ಅಷ್ಟೆ. ಮನೆ ಓಡಾಡಲಿ ಎಂದು ಯಾರಿಗೂ ಅವಸರವಿರಲಿಲ್ಲ. ಮೇಲಾಗಿ, ಆ ಪಾಲಿನ ಜಗಳದಲ್ಲಿ ಡ್ರೈವರಿಗೂ ಅಡಿಗೆಯವನಿಗೂ ಮಾತು ಬಿಟ್ಟುಹೋಗಿತ್ತು.

“ಕಾರಕೂನಸಾಹೇಬ್ರ, ಇದು ಗಾಡಿ ಐತ್ರಿ. ಇದಕ್ಯಾಕ ನಂಬರ?” ಎಂದ ಗದಿಗೆಪ್ಪ.

ಕುಂಚ ಹಿಡಿದಿದ್ದ, ಬೆಳಗಾವಿ ಕಡೆಯ ಸರ್ಕಾರಿ ಕಾರಕೂನರು ಬಗ್ಗಿ ನೋಡಿದರು. ಮುಂದಿನ ಗಾಲಿಗೆ ಹೀರೆಬಳ್ಳಿ ಹಬ್ಬಿ ಎರಡು ಕಾಯಿ ಬಿಟ್ಟಿದ್ದವು.

“ಹೀರೀಕಾಯಿ ಬಿಡೂ ಗಾಡಿ ನಾ ಎಲ್ಲೂ ನೋಡಿಲ್ಲಪಾ. ನಡೀತೈತೇನು?”

“ಸದ್ಯಕ್ಕ ನಡಿಯಂಗಿಲ್ರಿ.”

“ನಡೀದಿದ್ರ ಝೋಪಡಿ. ಸಂಜೀ ಐದಕ್ಕ ಮತ್ತ ಬರ್ತೀನಿ. ಅಷ್ಟರಾಗ ತಾನಾಗಿ ನಡೀತಂದ್ರ ನಂಬರ ಅಳಸ್ತೀನಿ.”

“ಈ ನಂಬರ ಯಾತಕ್ಕರಿ?”

“ಬರಿಯೂದು ನನ್ನ ಕೆಲಸ. ಯಾತಕ್ಕಂತ ಸಂಜಿಗೆ ಹುಕುಂ ಬರ್ತೈತಿ. ಬಂದ್ರ ಅದನ್ನೂ ಓದ್ತೀನಿ.”

ಕಾರಕೂನರು ಮರೆಯಾದದ್ದೇ ತಡ, ಹದಿನಾರನೇ ನಂಬರಿನ ಶೆಟ್ಟೆಪ್ಪ ಹತ್ತಿರ ಬಂದ. ಗಿರಣಿಯಲ್ಲಿ ನೂಲು ಸುತ್ತುವವನಾದರೂ ಸರ್ಕಾರದ ಮನಸ್ಸಿನಲ್ಲಿದ್ದದ್ದೆಲ್ಲ ಅವನಿಗೆ ಗೊತ್ತಿತ್ತು.

“ಕೆಡವಾಕ, ಗದಿಗೆಪ್ಪಣ್ಣ. ಮತ್ಯಾತಕ್ಕ? ಕುರಿಗೆ ಅರಿಶಿಣ ಹಚ್ಚೂದು ಲಗ್ನಾ ಮಾಡಾಕೇನು?”

ಸಾಲಿಗೆ ಸಾಲೇ ತಲೆಯ ಮೇಲೆ ಕೈ ಹೊತ್ತುಕೊಂಡಿತು. ಆಮೇಲೆ ಎಲ್ಲರೂ ಗದಿಗೆಪ್ಪನ ಕಡೆ ತಿರುಗಿದರು. ತಮ್ಮ ಗೋಡೆಗಳಿಗಂತೂ ಗಾಲಿಯಿಲ್ಲ, ಇದ್ದವನಾದರೂ ಉಳಿದುಕೊಳ್ಳಲಿ ಎಂಬ ದೊಡ್ಡ ಮನಸ್ಸು. ಅಂಥ ಮನಸ್ಸಿನವರು ಸುತ್ತ ನೆರೆದರೆ ಮನುಷ್ಯ ತಪ್ಪಿಸಿಕೊಳ್ಳುವುದು ಕಷ್ಟ.

“ಹೋಗಿ ಆ ಅಡಿಗಿಯವನ ಕಾಲ ಹಿಡೀರಿ,” ಎಂದಳು ಹೆಂಡತಿ ಶರಣವ್ವ. “ಒಂಬತ್ತು ವರ್ಷದಿಂದ ತವರಿಗೆ ಕರಕೊಂಡು ಹೋಗ್ರಿ ಅಂದ್ರ ಗೇರ ಇಲ್ಲ ಅಂತಿದ್ರಿ. ಆ ನೆವಾನೂ ಇವತ್ತಿಗೆ ಮುಗೀಲಿ.”

ದೈತ್ಯನ ಜೀವ ಏಳು ಸಮುದ್ರದಾಚೆ ಗಿಳಿಯ ಹೊಟ್ಟೆಯಲ್ಲಿ ಇರುತ್ತದಂತೆ. ಗದಿಗೆಪ್ಪನ ಗಾಡಿಯ ಜೀವ ಧಾರಾವಿಯ ಏಳು ಗಲ್ಲಿಗಳಾಚೆ, ಚರ್ಮ ಒಣಹಾಕುವ ಬಯಲಿನ ಪಕ್ಕದ ಚಹಾದ ಹೋಟೆಲಿನಲ್ಲಿ, ಸಾಕ್ಷಾತ್ ಚೆನ್ನಯನ ಅಡಿಯಲ್ಲಿತ್ತು. ಸಾಹೇಬ ಕೊಟ್ಟ ಮರದ ಪೆಟ್ಟಿಗೆಯನ್ನು ಹಣದ ಗಲ್ಲೆಯ ಹಿಂದೆ ಹಾಕಿಕೊಂಡು ಅವನು ಅದರ ಮೇಲೆ ಕೂತಿದ್ದ.

“ಓಹೋ, ಡ್ರೈವರು. ದಾರಿ ತಪ್ಪಿತಾ ಮಾರಾಯ? ಕೂತುಕೋ, ಚಾ ಉಂಟು.”

“ಚಹಾ ಬ್ಯಾಡ ಚೆನ್ನಯಣ್ಣ. ನೀ ಕುಂತದ್ದು ಬೇಕಾಗಿತ್ತು.”

“ಇದಾ? ಇದರ ಮೇಲೆ ಕೂತ ಮೇಲೆಯೇ ನನಗೆ ಒಳ್ಳೆದಾದದ್ದು. ಕಾವು ಕೂತ ಕೋಳಿಯನ್ನು ಎಬ್ಬಿಸ್ತಿಯಲ್ಲ ನೀನು.”

“ಏನ ಕೇಳ್ತಿ ಕೇಳು, ಕೊಡ್ತೀನಿ.”

ಚೆನ್ನಯ ಛಾವಣಿ ನೋಡಿದ. ಒಂಬತ್ತು ವರ್ಷದಿಂದ ಬೇಯಿಸಿಟ್ಟ ಮಾತು ಹೊರಗೆ ಬಂತು.

“ಹಣ ಬೇಡ. ನೀನು ಸ್ಪ್ರಿಂಗಿನ ಸೀಟಿನಲ್ಲಿ ರಾಜನ ಹಾಗೆ ಕೂತು ಹಾರ್ನು ಹೊಡೆದದ್ದು. ನಾನು ಹಿಂದೆ ಸ್ಟವ್ವು ಹಿಡಿದುಕೊಂಡು ನಿಂತದ್ದು. ಘಾಟಿಯ ಒಂದೊಂದು ತಿರುವಿಗೂ ಸಾಹೇಬರ ಸೂಪು ನನ್ನ ಮೈಮೇಲೆ. ಆ ಸೀಟು ತಂದು ಕೊಡು, ಪೆಟ್ಟಿಗೆ ತಕೊಂಡು ಹೋಗು.”

“ಸೀಟಿಲ್ಲದ ಗಾಡಿ ಹೆಂಗ ಹೊಡೀಲೋ?”

“ನಿಂತುಕೊಂಡು. ನಾನು ನಿಂತೇ ಅಡಿಗೆ ಮಾಡಿಲ್ವಾ?”

ಗದಿಗೆಪ್ಪ ಮರಳಿ ಬಂದು, ತಾನು ಪ್ರಾಣದಂತೆ ಕಾಪಾಡಿದ್ದ ಸೀಟನ್ನು ಬಿಚ್ಚಿ ಕೈಗಾಡಿಯ ಮೇಲೇರಿಸಿದ. ಸೀಟು ಉರುಳಿ ಬೀಳದಿರಲಿ ಎಂದು ಶೆಟ್ಟೆಪ್ಪ ಅದರ ಮೇಲೆ ತಾನೇ ಕೂತುಕೊಂಡ. ಹೀಗೆ ಒಬ್ಬನ ಮೆರವಣಿಗೆಯನ್ನು ಇನ್ನೊಬ್ಬ ಎಳೆಯುತ್ತ ಧಾರಾವಿ ಮುಟ್ಟಿದರು. ಚೆನ್ನಯ ಸೀಟಿನಲ್ಲಿ ಕೂತು ಎರಡು ಸಲ ಕುಪ್ಪಳಿಸಿ ನೋಡಿದ. ಮುಖ ಅರಳಿತು. ಚಹಾವನ್ನೂ ಕುಡಿಸಿಯೇ ಕಳಿಸಿದ.

ಆಂಟಾಪ್ ಹಿಲ್‌ಗೆ ತಂದು ಪೆಟ್ಟಿಗೆ ಒಡೆದಾಗ ಇಡೀ ಸಾಲು ಬಗ್ಗಿ ನೋಡಿತು. ಗೋಣಿತಾಟಿನೊಳಗೆ ಗ್ರೀಸು ಬಳಿದುಕೊಂಡ ಗೇರ್ ಬಾಕ್ಸು ಈಗಷ್ಟೇ ಎಣ್ಣೆ ಹಚ್ಚಿ ಮಲಗಿಸಿದ ಕೂಸಿನಂತೆ ಹೊಳೆಯುತ್ತಿತ್ತು. ಒಂದು ಹಲ್ಲೂ ಸವೆದಿರಲಿಲ್ಲ.

“ಇಷ್ಟ ಚಂದ ಐತಿ, ದೃಷ್ಟಿ ತಾಗೀತು,” ಎಂದು ಶರಣವ್ವ ಅದಕ್ಕೊಂದು ಕಾಡಿಗೆಯ ಬೊಟ್ಟಿಟ್ಟಳು.

ಗದಿಗೆಪ್ಪ ಗಾಡಿಯ ಕೆಳಗೆ ತೆವಳಿದ. ಅವನ ಎರಡು ಕಾಲು ಮಾತ್ರ ಹೊರಗಿದ್ದುದರಿಂದ ಎಲ್ಲರೂ ಆ ಕಾಲುಗಳಿಗೇ ಬುದ್ಧಿ ಹೇಳಿದರು. ಎಡಕ್ಕೆ ಅಂದರು, ಬಲಕ್ಕೆ ಅಂದರು. ಒನಕೆ ಮೀಟಿ ಗೇರ್ ಬಾಕ್ಸನ್ನು ಎತ್ತಿ ಹಿಡಿದವರು ಅದು ಕೂರುವ ಮೊದಲೇ ಸಂಭ್ರಮದಿಂದ ಕೈಬಿಟ್ಟು, ಒಳಗಿನಿಂದ ಬಂದ ಬೈಗುಳಕ್ಕೆ ಮತ್ತೆ ಹಿಡಿದರು. ಶೆಟ್ಟೆಪ್ಪ ಎಲ್ಲಿಂದಲೋ ಸೈಕಲ್ ಪಂಪು ತಂದ. ನಾಲ್ಕು ಟೈರಿಗೆ ಗಾಳಿ ತುಂಬುವಷ್ಟರಲ್ಲಿ ಹದಿನಾರು ಮನೆಯ ಗಂಡಸರ ಗಾಳಿ ಹೋಗಿತ್ತು.

ಐದಕ್ಕೆ ಕಾರಕೂನರು ಬಂದಾಗ ಗದಿಗೆಪ್ಪ ಬೋರಲು ಹಾಕಿದ ಜೋಳದ ಹಿಟ್ಟಿನ ಡಬ್ಬಿಯ ಮೇಲೆ ಕೂತು ಸ್ಟೇರಿಂಗು ಹಿಡಿದಿದ್ದ. ಎಂಜಿನ್ನು ಕೆಮ್ಮಿತು, ಒಂಬತ್ತು ವರ್ಷದ ಹೊಗೆಯನ್ನು ಒಮ್ಮೆಗೇ ಉಗುಳಿತು. ಗೇರು ಬೆಣ್ಣೆಯೊಳಗೆ ಚಾಕು ಇಳಿದಂತೆ ಬಿತ್ತು. ಮನೆ ನಡೆಯಿತು. ಹೀರೆಬಳ್ಳಿಯನ್ನು ಬಾಸಿಂಗದಂತೆ ಕಟ್ಟಿಕೊಂಡು, ಒಳಗೆ ಪಾತ್ರೆಪಡಗಗಳ ವಾಲಗ ಊದಿಸಿಕೊಂಡು, ಝೋಪಡಿಗಳ ಮುಂದಿನ ಬಯಲನ್ನು ಒಂದು ಸುತ್ತು ಬಂದು ನಿಂತಿತು. ಜನ ಚಪ್ಪಾಳೆ ತಟ್ಟಿದರು. ಗದಿಗೆಪ್ಪನ ಕಣ್ಣು ಒದ್ದೆಯಾದವು. ಹೊಗೆಯೂ ಇತ್ತೆನ್ನಿ.

“ಸಾಕ್ಷಿಗೆ ಪಂಚರ ಸಹಿ ಬೇಕು,” ಎಂದರು ಕಾರಕೂನರು. “ಗಾಡಿ ನಡೆದದ್ದು ನೋಡೀವಿ ಅಂತ.”

“ಮೊದಲ ನಂದು,” ಎಂದು ಶೆಟ್ಟೆಪ್ಪ ನುಗ್ಗಿದ. ಅವನ ಹಿಂದೆ ಹದಿನೈದು ಮನೆಯವರೂ ಸಹಿ ಹಾಕಿ, ಹೆಬ್ಬೆಟ್ಟೊತ್ತಿ, ಬೆರಳನ್ನು ತಲೆಗೆ ಒರೆಸಿಕೊಂಡರು. ಕಾರಕೂನರು ಸೀಮೆಎಣ್ಣೆಯ ಬಟ್ಟೆಯಿಂದ ಹದಿನೇಳನ್ನು ಉಜ್ಜಿ ಉಜ್ಜಿ ತೆಗೆದರು. ಆಮೇಲೆ ಚೀಲದಿಂದ ಕಾಗದ ತೆಗೆದು ಓದಿದರು.

“ನಂಬರ ಬಿದ್ದ ಪ್ರತಿ ಝೋಪಡಿಗೂ ಘಾಟ್ಕೋಪರದ ಹೊಸ ಚಾಳಿನ ಕಟ್ಟಡದಾಗ ಇರಾಕ ಒಂದೊಂದು ಪಕ್ಕಾ ಖೋಲಿ. ಒಳಗ ನೀರಿನ ನಳ. ಇವತ್ತಿಂದನ ಹೋಗಿ ಇರಬಹುದು.”

ಹದಿನಾರು ಮನೆಯವರೂ ತಮ್ಮ ತಮ್ಮ ಬಾಗಿಲಿನ ನಂಬರಿನ ಕಡೆ ತಿರುಗಿ ನೋಡಿದರು.

“ಒಳಗ ನಳ ಅಂದ್ರ, ಮನೀ ಒಳಗನ?” ಎಂದು ಶರಣವ್ವ ಮೆಲ್ಲಗೆ ಕೇಳಿದಳು.

“ಮನೀ ಒಳಗನ.”

ಗದಿಗೆಪ್ಪ ಡಬ್ಬಿಯಿಂದ ಇಳಿದ. “ಸಾಹೇಬ್ರ, ನನ್ನ ಹದಿನೇಳು?”

“ಎಲ್ಲೈತಿ ಹದಿನೇಳು?”

“ಖರೇ ಹೇಳ್ಬೇಕಂದ್ರ ಇದು ಅಷ್ಟೇನ ನಡಿಯಂಗಿಲ್ರಿ. ಇಳಿಜಾರಿತ್ತು, ಒಂಚೂರು ಉರಳೇತಿ.”

“ಹದಿನಾರು ಮನೀ ಮಂದಿ ಸಹಿ ಮಾಡ್ಯಾರ. ಇನ್ನೊಂದು. ಗಾಡಿ ಅಂದಮ್ಯಾಲ ಇಲ್ಲಿ ನಿಂದ್ರಾಕ ಪರವಾನಗಿ ಇಲ್ಲ. ತಗದ್ಬಿಡ್ರಿ.”

ಗದಿಗೆಪ್ಪ ಶೆಟ್ಟೆಪ್ಪನ ಮುಖ ನೋಡಿದ. ಶೆಟ್ಟೆಪ್ಪ ತನ್ನ ಹೆಬ್ಬೆರಳು ನೋಡಿಕೊಂಡ.

“ನಾ ಸುಳ್ಳ ಹೆಂಗ ಹೇಳ್ಲಿ ಗದಿಗೆಪ್ಪಣ್ಣ. ಎಲ್ಲಾರ ಎದುರಿಗೆ ನಡೆದೈತಿ. ಅದೂ ಎಷ್ಟ ಚಂದ.” ಗಾಡಿಯ ಒಳಗೆ ಒಮ್ಮೆ ಇಣುಕಿ ನೋಡಿದ. “ಘಾಟ್ಕೋಪರ ದೂರ ಆಗ್ತೈತಿ ನೋಡು. ಸಾಮಾನ ಭಾಳ ಅದಾವು. ಹೆಂಗೂ ನಿನ್ನ ಗಾಡಿ…”

ಮಾತು ಮುಗಿಯುವ ಮೊದಲೇ ಯಾರದೋ ಒಲೆ ಬಂದು ಗದಿಗೆಪ್ಪನ ಮಂಚದ ಮೇಲೆ ಕೂತಿತ್ತು. ಅದರ ಹಿಂದೆ ಹಾಸಿಗೆ, ಹಂಡೆ, ಬೀಸುವ ಕಲ್ಲು, ಕೂಗುವ ಒಂದು ಹುಂಜ. ಬೇಡ ಅನ್ನಲು ಬಾಯಿ ತೆರೆದ ಗದಿಗೆಪ್ಪನ ಕೈಗೆ ಯಾರೋ ತಮ್ಮ ದೇವರ ಪಟವನ್ನೇ ಕೊಟ್ಟು ಹೋದರು. ದೇವರನ್ನು ಹಿಡಿದವನು ಬೇಡ ಅನ್ನುವುದು ಹೇಗೆ?

ಅವನು ಡಬ್ಬಿಯ ಮೇಲೆ ಕೂತು ಗೇರು ಹಾಕಿದ. ಶರಣವ್ವ ಪಕ್ಕದಲ್ಲಿ ನಿಂತು ಸೆರಗು ಬಿಗಿದಳು.

“ಸಾವಕಾಶ ಹೊಡೀರಿ,” ಎಂದಳು. “ಮನೀ ಮುಟ್ಟೂ ಅವಸರ ಅವರಿಗೈತಿ. ನಮಗೇನೈತಿ?”