ಅಕ್ಕಿ ಡಬ್ಬದ ಹಿಂದಿನ ಹೂದೋಟ

ಅಡುಗೆಮನೆಯಲ್ಲಿ ಏನಾದರೂ ಬಚ್ಚಿಟ್ಟರೆ ಹೆಂಡತಿಗೆ ಗೊತ್ತಾಗುವುದಿಲ್ಲ ಎಂದು ನಂಬಿರುವ ಗಂಡಸು ಭೂಮಿಯ ಮೇಲೆ ಒಬ್ಬರೇ ಇದ್ದಾರೆ. ಅವರು ನಮ್ಮ ಭಾವ!

ಬ್ಯಾಂಕಿನ ವರ್ಗಾವಣೆಯಲ್ಲಿ ಮಂಡ್ಯದಿಂದ ಅಹಮದಾಬಾದಿಗೆ ಬಂದ ಅಕ್ಕ-ಭಾವನಿಗೆ ಮಣಿನಗರದಲ್ಲಿ ಮನೆ ಸಿಕ್ಕಿತು. ಹಿತ್ತಲಲ್ಲಿ ಎರಡು ಚಾಪೆಯಗಲದ ಮಣ್ಣು. ಅದೇ ಊರಿನ ವಟ್ವಾದ ಕಾರ್ಖಾನೆಯಲ್ಲಿ ದುಡಿಯುವ ನಾನು ಪ್ರತಿ ಭಾನುವಾರ ಅಲ್ಲಿ ಊಟಕ್ಕೆ ಹಾಜರು. ಆ ಎರಡು ಚಾಪೆಗಾಗಿ ತಿಂಗಳುಗಟ್ಟಲೆ ಯುದ್ಧ!

"ದಂಟು, ಮೆಂತ್ಯ ಹಾಕೋಣ ರೀ" ಎಂದು ಅಕ್ಕ.

"ಬರೀ ಸೊಪ್ಪು ತಿನ್ನೋಕೆ ನಾವೇನು ಮೇಕೆಗಳಾ? ಹೂವಿನ ಗೆಡ್ಡೆ ನೆಡ್ತೀನಿ" ಎಂದು ಭಾವ.

ಹೂವೇ ಯಾಕೆ ಎಂದರೆ, "ಅದೆಲ್ಲ ನಿನಗ್ಯಾಕೆ?" ಎಂದು ಗೋಡೆ ನೋಡುವರು. ಮುದ್ದೆಗೆ ಸೊಪ್ಪಿನ ಸಾರು ಸುರಿದುಕೊಳ್ಳುವಾಗ ಮಾತ್ರ ಮೇಕೆಯ ನೆನಪೇ ಇರುತ್ತಿರಲಿಲ್ಲ!

ಒಂದು ಭಾನುವಾರ ಅಮಾವಾಸ್ಯೆ ಬಂತು. ತೀರಿಹೋದ ತಮ್ಮ ಅಪ್ಪನಿಗೆ ಭಾವ ಅವತ್ತು ಎಡೆ ಇಡಬೇಕು. ಅಲ್ಲಿಯವರೆಗೆ ಯಾರೂ ಅಡುಗೆಯನ್ನು ನಾಲಿಗೆಗೆ ಸೋಕಿಸುವಂತಿಲ್ಲ, ಉಪ್ಪು ನೋಡುವುದಕ್ಕೂ! ಭಾವನೋ, ಅಪ್ಪನ ಫೋಟೊ ಮುಂದೆ ಕೂತು ಊರ ಸುದ್ದಿಯನ್ನೆಲ್ಲ ಒಪ್ಪಿಸುತ್ತಿದ್ದರು. ನನಗೆ ಹಸಿವಿನಿಂದ ಪ್ರಾಣ ಹೋಗುತ್ತಿತ್ತು. ಅಷ್ಟರಲ್ಲಿ ಅಕ್ಕ ಎಡೆಯ ಎಲೆ ತಂದಿಟ್ಟಳು.

"ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಿದ್ರಲ್ಲ ಸಾಂಬಾರ್ ಈರುಳ್ಳಿ, ಅಷ್ಟನ್ನೂ ಸಾರಿಗೆ ಹಾಕ್ದೆ. ಈ ಊರಲ್ಲಿ ಅದನ್ನ ಎಲ್ಲಿ ಹುಡುಕಿದ್ರಿ?"

ಭಾವನ ಕೈಯಿಂದ ಊದುಕಡ್ಡಿ ಬಿತ್ತು.

"ಅಯ್ಯೋ, ಅದು ಈರುಳ್ಳಿ ಅಲ್ಲ ಕಣೇ! ಸುಗಂಧರಾಜದ ಗೆಡ್ಡೆ! ತಿಂದ್ರೆ ಹೊಟ್ಟೆ ಕೆಡುತ್ತೆ ಅಂತ ನರ್ಸರಿಯವನು ಹೇಳಿದ್ದ. ರುಚಿ ನೋಡಿದ್ಯಾ?"

"ಎಡೆಗೆ ಮುಂಚೆ ಯಾರು ನೋಡ್ತಾರೆ ರೀ?"

ನಂಬಿದರೇ? ಇಬ್ಬರ ನಾಲಿಗೆಯನ್ನೂ ಚಾಚಿಸಿ ಮೊಬೈಲ್ ಟಾರ್ಚ್ ಬಿಟ್ಟು ನೋಡಿದರು, ನನ್ನದನ್ನು ಎರಡು ಸಲ! ಆಮೇಲೆ ಫೋಟೊ ಕಡೆ ತಿರುಗಿ, "ಅಪ್ಪಾ, ನೀನೂ ಮುಟ್ಟಿಲ್ಲ ತಾನೇ?" ಎಂದರು.

ಸದ್ಯ, ಬದುಕಿದೆವು! ಸಾರನ್ನು ಚೆಲ್ಲಿ ಬಂದು ನಾನೂ ಅಕ್ಕನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಭಾವ ನಗಲಿಲ್ಲ. ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತಿದ್ದರು.

"ನಮ್ ಬೀದೀಲಿ ಮೊಳ ಹೂವು ಮಾರೋರು ಯಾರೂ ಬರಲ್ಲ. ಇಲ್ಲಿಗೆ ಬಂದಾಗಿಂದ ನೀನು ಹೂವು ಮುಡಿದಿದ್ದನ್ನೇ ನಾನು ನೋಡಿಲ್ಲ. ಅದಕ್ಕೇ ತಂದಿದ್ದೆ. ನಿಂಗೇನಾದ್ರೂ ಆಗಿದ್ರೆ... ಬೇಡ, ಸೊಪ್ಪೇ ಹಾಕು."

ಇಷ್ಟು ದಿನ ಈ ಮಾತು ಹೇಳಲು ಏನಾಗಿತ್ತು ಈ ಮಹಾನುಭಾವರಿಗೆ? ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ಮೆಂತ್ಯದ ಡಬ್ಬ ತಂದು ನನ್ನ ಕೈಗೆ ಕೊಟ್ಟಳು.

"ಅರ್ಧ ಜಾಗಕ್ಕೆ ಮಾತ್ರ ಚೆಲ್ಲು ಕಣೋ. ಮಿಕ್ಕಿದ್ದಕ್ಕೆ ನಿಮ್ ಭಾವ ಮತ್ತೆ ಗೆಡ್ಡೆ ತರ್ತಾರೆ."